ಸ್ಪಾರ್ಕ್ ಪ್ಲಗ್ ಮತ್ತು ರಾಬರ್ಟ್ ಬಾಷ್

ಕಳೆದ ದೀಪಾವಳಿ ರಜೆಗೆ ರಾಯಬಾಗಕ್ಕೆ ಹೋಗಿದ್ದೆ. ಅಲ್ಲಿ ನಮ್ಮ ಸಂಬಂಧಿಕರೊಬ್ಬರದ್ದು ಸಿಎನ್‌ಜಿಯಲ್ಲಿ ಓಡೋ ಸಣ್ಣ ಟ್ರಕ್ ಇದೆ. ಒಂದು ಸಂಜೆ ಕುಡಚಿ ರೋಡಿನಲ್ಲಿ ಢಬ್ ಅಂತ ಸದ್ದು ಬಂತು, ಆಮೇಲೆ ಬರೀ ಟಪ್ ಟಪ್ ಟಪ್. ತೆಗೆದು ನೋಡಿದರೆ ಒಂದು ಸ್ಪಾರ್ಕ್ ಪ್ಲಗ್ ತನ್ನ ತೂತು ಬಿಟ್ಟು ಎದ್ದು ಹೊರಗೆ ಬಂದಿತ್ತು, ಕಾಯಿಲ್ ಜೊತೆಗೇ. ಕಬ್ಬಿನ ಸೀಜನ್ನು, ಗಾಡಿ ಕಂತು ಬೇರೆ ಬಾಕಿ. ಹೊಸ ಸಿಲಿಂಡರ್ ಹೆಡ್ ಹಾಕಿಸಬೇಕಂದ್ರೆ ಎರಡು ಕಂತಿನ ದುಡ್ಡು ಹೋಗುತ್ತೆ ಅಂತ ಅವರು ತಲೆ ಮೇಲೆ ಕೈ ಹೊತ್ತು ಕೂತರು. ಮೆಕ್ಯಾನಿಕಲ್ ಓದೋ ಹುಡುಗ ಅಂತ ಎಲ್ಲರೂ ನನ್ನ ಕಡೆ ನೋಡಿದರು. ನನಗೆ ಏನೂ ಗೊತ್ತಿರಲಿಲ್ಲ.

ಮರುದಿನ ಬಂದ ವಯಸ್ಸಾದ ಮೇಸ್ತ್ರಿ ಎಲ್ಲ ಕಂಪನಿಯ ಪ್ಲಗ್ಗಿಗೂ ಮೈಕೊ ಅಂತಲೇ ಅನ್ನುತ್ತಿದ್ದರು. ಯಾಕೆ ಅಂತ ಹುಡುಕುತ್ತಾ ಹೋದಾಗ ಸಿಕ್ಕವನು ಈ ರಾಬರ್ಟ್ ಬಾಷ್.

ಹುಟ್ಟಿದ್ದು 1861ರಲ್ಲಿ, ಜರ್ಮನಿಯ ಉಲ್ಮ್ ಪಟ್ಟಣದ ಹತ್ತಿರದ ಅಲ್ಬೆಕ್ ಎಂಬ ಹಳ್ಳಿಯಲ್ಲಿ. ಹನ್ನೆರಡು ಮಕ್ಕಳಲ್ಲಿ ಹನ್ನೊಂದನೆಯವನು. ಕಾಲೇಜಿಗೆ ಹೋಗದೆ ಮೆಕ್ಯಾನಿಕ್ ಹತ್ತಿರ ಕೆಲಸಕ್ಕೆ ಸೇರಿದ. ಆ ಗುರು ಸರಿಯಾಗಿ ಏನೂ ಕಲಿಸಲಿಲ್ಲ ಅನ್ನೋ ಬೇಜಾರು ಅವನಿಗೆ ಕೊನೇವರೆಗೂ ಇತ್ತು. ಕೈಕೆಲಸ ಬಂದರೂ ವೋಲ್ಟೇಜ್, ಕರೆಂಟ್ ಅಂದರೆ ಏನು ಅಂತ ತಿಳಿಯದೆ ಒದ್ದಾಡಿ, ಸ್ಟುಟ್‌ಗಾರ್ಟ್‌ನ ತಾಂತ್ರಿಕ ಕಾಲೇಜಿನಲ್ಲಿ ಸುಮಾರು ಆರು ತಿಂಗಳು ಹೊರಗಿನ ವಿದ್ಯಾರ್ಥಿಯಾಗಿ ಕೂತು ಬಂದ. ನನ್ನ ಕಥೆ ಇದರ ಉಲ್ಟಾ. ಆಮೇಲೆ ಅಮೆರಿಕದಲ್ಲಿ ಎಡಿಸನ್ ಕಂಪನಿ, ಇಂಗ್ಲೆಂಡಿನಲ್ಲಿ ಸೀಮೆನ್ಸ್. 1886ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ 10,000 ಮಾರ್ಕ್ ಬಂಡವಾಳದ ಸ್ವಂತ ವರ್ಕ್‌ಶಾಪ್. ಕೈಕೆಳಗೆ ಒಬ್ಬ ಮೆಕ್ಯಾನಿಕ್, ಒಬ್ಬ ಹುಡುಗ, ಅಷ್ಟೆ. ಟೆಲಿಫೋನ್, ಬೆಲ್ಲು, ಏನು ಬಂದರೂ ರಿಪೇರಿ. ಸೈಕಲ್ ಮೇಲೆ ಗಿರಾಕಿಗಳ ಮನೆಗೆ ಹೋಗಿ ಕೆಲಸ ನೋಡಿ ಬರುತ್ತಿದ್ದ. ನಡುವೆ ಒಮ್ಮೆ ಸಾಲ ಜಾಸ್ತಿಯಾಗಿ ಕೆಲಸಗಾರರನ್ನು ಕಳಿಸಬೇಕಾಯ್ತು.

ಅವನನ್ನು ಉಳಿಸಿದ್ದು ಮ್ಯಾಗ್ನೆಟೊ. ಬ್ಯಾಟರಿ ಇಲ್ಲದೆ, ಆಯಸ್ಕಾಂತದಿಂದ ಕಿಡಿ ಹುಟ್ಟಿಸೋ ಯಂತ್ರ. ಮೊದಲು ಮಾಡಿದ್ದು ಒಂದೇ ಕಡೆ ನಿಂತು ಓಡೋ ನಿಧಾನದ ಇಂಜಿನ್ನಿಗೆ. 1897ರಲ್ಲಿ ಒಂದು ಮೂರು ಚಕ್ರದ ಮೋಟಾರು ಗಾಡಿ ಅವನ ಅಂಗಡಿಗೆ ಬಂತು. ಅದರ ಇಂಜಿನ್ ಎಷ್ಟು ಜೋರಾಗಿ ತಿರುಗುತ್ತಿತ್ತು ಅಂದ್ರೆ ಹಳೇ ಮ್ಯಾಗ್ನೆಟೊದ ಭಾರವಾದ ಆರ್ಮೇಚರ್ ಆ ವೇಗಕ್ಕೆ ಆಡುತ್ತಲೇ ಇರಲಿಲ್ಲ. ಅವನ ಹತ್ತಿರ ಕೆಲಸಕ್ಕಿದ್ದ ಆರ್ನಾಲ್ಡ್ ಝೆಹ್ರಿಂಗರ್ ಆರ್ಮೇಚರ್ ನಿಲ್ಲಿಸಿ, ಅದರ ಸುತ್ತ ಹಗುರ ತಗಡಿನ ಕವಚ ಆಡುವ ಹಾಗೆ ಮಾಡಿದ. ಆದರೂ ಕಿಡಿ ಬರಲು ಸಿಲಿಂಡರ್ ಒಳಗೇ ಕಾಂಟ್ಯಾಕ್ಟ್ ತೆರೆದು ಮುಚ್ಚೋ ಸರಳುಗಳು ಬೇಕಿತ್ತು, ಅವು ಬೇಗ ಸವೆಯೋವು. 1902ರಲ್ಲಿ ಗಾಟ್‌ಲೋಬ್ ಹೊನೊಲ್ಡ್ ಹೈ ವೋಲ್ಟೇಜ್ ಮ್ಯಾಗ್ನೆಟೊ ಮತ್ತು ಅದಕ್ಕೆ ತಕ್ಕ ಪ್ಲಗ್ ತಯಾರಿಸಿದ. ಸರಳುಗಳ ಕಾಟವೇ ಹೋಯ್ತು. ಸ್ಪಾರ್ಕ್ ಪ್ಲಗ್ ಬಾಷ್ ಕಂಡುಹಿಡಿದದ್ದಲ್ಲ, 1860ರಲ್ಲೇ ಲೆನ್ವಾರ್‌ನ ಇಂಜಿನ್ನಿನಲ್ಲಿ ಅದಿತ್ತು. ನಂಬಿ ಗಾಡಿ ಓಡಿಸುವಂಥ ಪ್ಲಗ್ ಬಂದದ್ದು ಮಾತ್ರ ಈ ಅಂಗಡಿಯಿಂದ ಅಂತ ನನಗನ್ನಿಸುತ್ತೆ.

ಜಿಪುಣನೂ ಹೌದು. ನೆಲದ ಮೇಲೆ ಬಿದ್ದ ಪೇಪರ್ ಕ್ಲಿಪ್ ಎತ್ತಿಕೊಂಡು ಕೆಲಸಗಾರನಿಗೆ ಪಾಠ ಮಾಡಿದ ಅನ್ನೋ ಕಥೆ ಇದೆ. ಅದೇ ಮನುಷ್ಯ 1906ರಲ್ಲೇ ಎಂಟು ಗಂಟೆ ಕೆಲಸದ ದಿನ ತಂದ. ಮೊದಲ ಮಹಾಯುದ್ಧದ ಲಾಭ ಇಟ್ಟುಕೊಳ್ಳಲು ಮನಸ್ಸಾಗದೆ 1 ಕೋಟಿ 30 ಲಕ್ಷ ಮಾರ್ಕ್‌ಗಳನ್ನು ನೆಕ್ಕರ್ ನದಿಯ ಕಾಲುವೆಗೆ ಕೊಟ್ಟ. ಹಿಟ್ಲರ್ ಕಾಲದಲ್ಲಿ ಯಹೂದಿಗಳಿಗೆ ಸಹಾಯ ಮಾಡಿದ, ಹಿಟ್ಲರನ ವಿರೋಧಿ ಗೋರ್ಡೆಲರ್‌ಗೆ ತನ್ನ ಕಂಪನಿಯಲ್ಲೇ ಜಾಗ ಕೊಟ್ಟ. ಆದರೆ ಅದೇ ಕಂಪನಿ ಸೈನ್ಯಕ್ಕೆ ಸಾಮಾನು ಮಾಡಿತು, ಬಲವಂತವಾಗಿ ಹಿಡಿದು ತಂದವರಿಂದ ಕೆಲಸ ಮಾಡಿಸಿತು. ಈ ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ತೂಗೋಕೆ ನನಗೆ ಬರಲ್ಲ. 1942ರ ಮಾರ್ಚ್ 12ರಂದು ತೀರಿಕೊಂಡ.

1951ರಲ್ಲಿ ಮೈಕೊ ಅಂದರೆ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಹುಟ್ಟಿತು. ಬೆಂಗಳೂರಿನ ಆಡುಗೋಡಿಯ ಅದರ ಫ್ಯಾಕ್ಟರಿಯಿಂದ ಬಾಷ್ ಪ್ಲಗ್ಗುಗಳು ಊರೂರಿಗೆ ಹೋದವು. ನಮ್ಮ ಮೇಸ್ತ್ರಿಯ ಬಾಯಲ್ಲಿದ್ದ ಮೈಕೊ ಅದೇ.

ಮೇಸ್ತ್ರಿ ಹೆಡ್ ಬದಲಿಸಲಿಲ್ಲ. ಪ್ಲಗ್ಗಿನ ಥ್ರೆಡ್ ಉಕ್ಕು, ಹೆಡ್ಡಿನದು ಮೆತ್ತನೆ ಅಲ್ಯೂಮಿನಿಯಂ. ಹಿಂದೆ ಯಾರೋ ಸರಿಯಾಗಿ ಬಿಗಿ ಮಾಡದೆ ಬಿಟ್ಟಿದ್ದರಂತೆ, ಅಲುಗಾಡಿ ಅಲುಗಾಡಿ ಥ್ರೆಡ್ ತಿಂದು ಹೋಗಿತ್ತು. ನಾನು ಲೆಕ್ಕ ಹಾಕಿದೆ: ಉರಿಯುವಾಗ ಒಳಗೆ 50 ಬಾರ್ ಒತ್ತಡ ಅಂತ ಹಿಡಿದರೂ 14 ಮಿ.ಮೀ. ಪ್ಲಗ್ಗನ್ನು ಸುಮಾರು 75 ಕೆಜಿ ಭಾರ ಹೊರಗೆ ತಳ್ಳುತ್ತೆ, ನಿಮಿಷಕ್ಕೆ ನೂರಾರು ಸಲ. ಪಿಸ್ಟನ್ ಕೆಳಗಿಳಿಸಿ, ಟ್ಯಾಪ್ ತುಂಬ ಗ್ರೀಸ್ ಬಳಿದು, ಅರ್ಧ ಸುತ್ತು ಮುಂದೆ, ಸ್ವಲ್ಪ ಹಿಂದೆ, ಮತ್ತೆ ಹೊರತೆಗೆದು ಒರೆಸಿ, ದೊಡ್ಡ ಥ್ರೆಡ್ ಕೊರೆದರು. ಲೋಹದ ಪುಡಿ ಸಿಲಿಂಡರ್ ಒಳಗೆ ಬೀಳದೆ ಗ್ರೀಸಿಗೆ ಅಂಟಬೇಕು, ಉಪಾಯ ಅದು. ಆಮೇಲೆ ಗಾಳಿ ಹೊಡೆದು, ಉಕ್ಕಿನ ಇನ್ಸರ್ಟ್ ಕೂರಿಸಿ, ಹೊಸ ಪ್ಲಗ್ಗನ್ನು ಮೊದಲು ಕೈಯಲ್ಲೇ ತಿರುಗಿಸಿ, ಕೊನೆಗೆ ಟಾರ್ಕ್ ರೆಂಚ್. ಅದನ್ನು ನನ್ನ ಕೈಗೆ ಕೊಟ್ಟರು. ಕ್ಲಿಕ್ ಅಂದಾಗ ನಿಲ್ಲಿಸಿದೆ.

ಗಾಡಿ ಸಂಜೆಗೆ ಹೊರಟಿತು, ಈಗಲೂ ಓಡ್ತಾ ಇದೆ. ಹಳೇ ಪ್ಲಗ್ ಹಾಸ್ಟೆಲ್ಲಿನಲ್ಲಿ ನನ್ನ ಟೇಬಲ್ ಮೇಲಿದೆ. ಅದರ ಥ್ರೆಡ್ಡಿನಲ್ಲಿ ಹೆಡ್ಡಿನ ಅಲ್ಯೂಮಿನಿಯಂ ಇನ್ನೂ ಸುರುಳಿಯಾಗಿ ಸಿಕ್ಕಿಕೊಂಡಿದೆ.