ಹರಿಹರದ ಲೇತ್‌ಗಳ ಹಿಂದಿದ್ದ ಗುರ್ಲಹೊಸೂರಿನ ಡ್ರಾಯಿಂಗ್ ಮೇಷ್ಟ್ರು

ಕಕ್ಕಿಂಜೆ: ಚಾರ್ಮಾಡಿ ಘಾಟಿಯ ಬುಡದ ಈ ಪೇಟೆಯೇ ಇರಲಿ, ಬೆಂಗಳೂರಿನ ಪೀಣ್ಯವೇ ಇರಲಿ, ಸಿಎನ್‌ಸಿ ಯಂತ್ರ ನಡೆಸುವವರೆಲ್ಲರಿಗೂ ಆ ಕ್ಷಣದ ಪರಿಚಯವಿರುತ್ತದೆ. ಸಲೀಸಾಗಿ ಓಡುತ್ತಿದ್ದ ಅಕ್ಷದ ಮೋಟಾರ್ ಇದ್ದಕ್ಕಿದ್ದಂತೆ ಗುಂಯ್ಗುಟ್ಟಿ ನಿಂತುಬಿಡುತ್ತದೆ. ಹೊಸಬರು ಪರದೆಯತ್ತ ಧಾವಿಸಿ ಡ್ರೈವ್‌ನ ಗೇನ್ ಏರಿಸುತ್ತಾರೆ. ನುರಿತವರು ಮೊದಲು ವಿದ್ಯುತ್ ಕಡಿದು, ಚಾಲಕ ತಿರುಪನ್ನು ಕೈಯಿಂದಲೇ ತಿರುಗಿಸಿ ನೋಡುತ್ತಾರೆ. ಜಾರುಪಟ್ಟಿಯ ಗಿಬ್ ಬಿಗಿಯಾಗಿದೆಯೇ, ಎಣ್ಣೆ ಒಣಗಿದೆಯೇ, ಕಬ್ಬಿಣದ ಚೂರು ಸಿಕ್ಕಿಕೊಂಡಿದೆಯೇ, ಕಪ್ಲಿಂಗ್ ಓರೆಯಾಗಿದೆಯೇ? ಕಬ್ಬಿಣದ ದೋಷವನ್ನು ವಿದ್ಯುತ್ತಿನಿಂದ ಮುಚ್ಚಲಾಗದು.

ಕಬ್ಬಿಣವನ್ನು ಮೊದಲು ಪರೀಕ್ಷಿಸುವ ಈ ಬುದ್ಧಿಯಿಂದಲೇ ಬದುಕು ಕಟ್ಟಿದ ಕನ್ನಡ ನೆಲದ ಉದ್ಯಮಿಯೊಬ್ಬರಿದ್ದರು. ಅವರು ಲಕ್ಷ್ಮಣರಾವ್ ಕಿರ್ಲೋಸ್ಕರ್. ಹರಿಹರದಲ್ಲಿ ತಯಾರಾದ ಲೇತ್‌ಗಳ ಮೂಲಕ ಅವರ ಮನೆತನದ ಹೆಸರು ರಾಜ್ಯದ ಊರೂರಿನ ವರ್ಕ್‌ಶಾಪ್‌ಗಳನ್ನು ತಲುಪಿತು. ಆದರೆ ಆ ಮನುಷ್ಯನ ಕಥೆ ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ.

1869ರ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನನ. ತಂದೆ ಕಾಶೀನಾಥಪಂತರು ವೇದಾಂತದಲ್ಲಿ ಮುಳುಗಿದ್ದವರು. ಮಗನಿಗೆ ಚಿತ್ರಕಲೆಯ ಹುಚ್ಚು. 1885ರಲ್ಲಿ ಮುಂಬಯಿಯ ಜೆ.ಜೆ. ಕಲಾಶಾಲೆ ಸೇರಿದ ಲಕ್ಷ್ಮಣರಾಯರಿಗೆ ಅಲ್ಲಿ ಒಂದು ಆಘಾತ ಕಾದಿತ್ತು. ಅವರ ಕಣ್ಣಿಗೆ ಕೆಲವು ಬಣ್ಣಗಳ ಭೇದವೇ ತಿಳಿಯುತ್ತಿರಲಿಲ್ಲ. ಕುಂಚ ಕೆಳಗಿಟ್ಟ ಅವರು ಬಣ್ಣ ಬೇಡದ ಯಂತ್ರಚಿತ್ರಗಳತ್ತ ಹೊರಳಿದರು. ಮುಂದೆ ವಿಕ್ಟೋರಿಯಾ ಜ್ಯೂಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಅದೇ ವಿಷಯದ ಅಧ್ಯಾಪಕರಾದರು. ತಮಗೆ ಸಲ್ಲಬೇಕಾದ ಬಡ್ತಿ ಆಂಗ್ಲೋ ಇಂಡಿಯನ್ ಒಬ್ಬರ ಪಾಲಾದಾಗ ರಾಜೀನಾಮೆ ಕೊಟ್ಟು ಹೊರಬಂದರು.

ಬೆಳಗಾವಿಯಲ್ಲಿ 1888ರಲ್ಲೇ ಅಣ್ಣ ರಾಮುಅಣ್ಣನ ಜೊತೆಗೂಡಿ ಸೈಕಲ್ ವ್ಯಾಪಾರಕ್ಕೆ ಕೈಹಾಕಿದ್ದರು. ನಗರದ ಕಿರ್ಲೋಸ್ಕರ್ ರಸ್ತೆ ಇಂದಿಗೂ ಆ ನೆನಪನ್ನು ಉಳಿಸಿಕೊಂಡಿದೆ. ಕ್ರಮೇಣ ಮೇವು ಕತ್ತರಿಸುವ ಯಂತ್ರ ತಯಾರಾಯಿತು, ಅನಂತರ ಕಬ್ಬಿಣದ ನೇಗಿಲು.

ನೇಗಿಲು ಮಾತ್ರ ಅವರನ್ನು ಸತ್ವಪರೀಕ್ಷೆಗೆ ಒಡ್ಡಿತು. ಕಬ್ಬಿಣ ತಗುಲಿದರೆ ಭೂಮಿ ವಿಷವಾಗುತ್ತದೆಂಬ ನಂಬಿಕೆ ರೈತರಲ್ಲಿ ಬೇರೂರಿದ್ದ ಕಾಲವದು. ಮೊದಲ ನೇಗಿಲುಗಳು ಮಾರಾಟವಾಗಲು ಸುಮಾರು ಎರಡು ವರ್ಷ ಹಿಡಿಯಿತು. ಸಾಲದ ಹಣ ಹಾಕಿ ಎರಕ ಹೊಯ್ದ ಸರಕು ಕಣ್ಣೆದುರೇ ತುಕ್ಕು ಹಿಡಿಯುವಾಗ ಕೊಳ್ಳದವರ ಅಜ್ಞಾನವನ್ನು ಹಳಿಯುವುದು ಸುಲಭವಿತ್ತು. ಆದರೆ ರೈತನ ಅನುಮಾನ ಪೂರ್ತಿ ಅಜ್ಞಾನವೂ ಅಲ್ಲವೆಂದು ಈ ವರದಿಗಾರನಿಗೆ ಅನಿಸುತ್ತದೆ. ಗುಳದ ಕೋನ ಸ್ವಲ್ಪ ಹೆಚ್ಚಾದರೆ ನೇಗಿಲು ಎರೆಮಣ್ಣಿನಲ್ಲಿ ಹೂತು ಎತ್ತುಗಳು ನಿಂತುಬಿಡುತ್ತವೆ. ಕಡಿಮೆಯಾದರೆ ಮೇಲ್ಮಣ್ಣನ್ನು ಕೆರೆದು ಜಾರುತ್ತದೆ. ಎತ್ತಿನ ಬಲ, ಮಣ್ಣಿನ ಬಿಗುವು, ಗುಳದ ಆಳ ಮೂರೂ ಹೊಂದಬೇಕು. ಸಿಎನ್‌ಸಿ ಅಕ್ಷದ ಟ್ಯೂನಿಂಗ್ ಎಂದರೂ ಇಂಥದೇ ಹೊಂದಾಣಿಕೆ. ಗೇನ್ ಕಡಿಮೆಯಾದರೆ ಅಕ್ಷ ಆಜ್ಞೆಗಿಂತ ಹಿಂದೆ ಬೀಳುತ್ತದೆ, ಹೆಚ್ಚಾದರೆ ಗುರಿಯ ಆಚೀಚೆ ನಡುಗುತ್ತದೆ. ವೇಗೋತ್ಕರ್ಷ ಅತಿಯಾದರೆ ಸ್ಟೆಪ್ಪರ್ ಮೋಟಾರ್ ಹೆಜ್ಜೆ ತಪ್ಪುತ್ತದೆ.

ನೇಗಿಲಿಗೆ ಗಿರಾಕಿಗಳು ಕುದುರಿದರು ಎನ್ನುವಷ್ಟರಲ್ಲಿ ಇನ್ನೊಂದು ಪೆಟ್ಟು ಬಿತ್ತು. ಊರಿನ ವಿಸ್ತರಣೆಗಾಗಿ ಕಾರ್ಖಾನೆಯ ಜಾಗ ತೆರವು ಮಾಡಬೇಕೆಂಬ ಆದೇಶ ಬಂತು. ಕೈಹಿಡಿದವರು ಔಂಧ್ ಸಂಸ್ಥಾನದ ಅರಸರು. ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಜಮೀನು, 10,000 ರೂಪಾಯಿಗಳ ಬಡ್ಡಿರಹಿತ ಸಾಲ ದೊರೆಯಿತು. ಪಾಪಾಸುಕಳ್ಳಿ ತುಂಬಿದ ಬಂಜರಿನಲ್ಲಿ 1910ರಲ್ಲಿ ಎದ್ದುನಿಂತದ್ದೇ ಕಿರ್ಲೋಸ್ಕರವಾಡಿ. ಅಸ್ಪೃಶ್ಯತೆಗೆ ಅಲ್ಲಿ ಅವಕಾಶವಿರಲಿಲ್ಲ. ಸೆರೆಮನೆಯಿಂದ ಬಿಡುಗಡೆಯಾದವರಿಗೆ ಕಾವಲುಗಾರಿಕೆಯ ಕೆಲಸ ಸಿಕ್ಕಿತು. ನೇಗಿಲಿನ ಜೊತೆಗೆ ಕಬ್ಬಿನ ಗಾಣ, ಶೇಂಗಾ ಒಡೆಯುವ ಯಂತ್ರ, ಪಂಪುಗಳೂ ಅಲ್ಲಿಂದ ಹೊರಬಂದವು.

ಯಂತ್ರ ತಯಾರಿಸಬೇಕಾದರೆ ಲೇತ್ ಬೇಕು. ಆ ಕಾಲದಲ್ಲಿ ಒಳ್ಳೆಯ ಲೇತ್ ಎಂದರೆ ಹಡಗಿನಲ್ಲಿ ಬರಬೇಕಾದ ವಸ್ತು, ಮಹಾಯುದ್ಧ ಆರಂಭವಾದ ಮೇಲೆ ಅದಕ್ಕೂ ಕುತ್ತು. ಮೈಸೂರು ಸಂಸ್ಥಾನದ ಬೆಂಬಲದೊಡನೆ 1941ರಲ್ಲಿ ತುಂಗಭದ್ರೆಯ ದಡದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸ್ಥಾಪನೆಯಾಯಿತು. ಬೆಂಗಳೂರಿನ ಎಚ್‌ಎಂಟಿಗಿಂತ ಒಂದು ದಶಕಕ್ಕೂ ಮೊದಲೇ ಕನ್ನಡ ನಾಡಿನಲ್ಲಿ ಲೇತ್ ತಯಾರಿಕೆಗೆ ನೆಲೆ ಸಿಕ್ಕಿತ್ತು ಎಂಬುದನ್ನು ನಾವು ಬೇಗ ಮರೆತಿದ್ದೇವೆ. 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಹುಟ್ಟಿಕೊಂಡು, ಮೋಟಾರ್‌ಗಳೂ ಇಲ್ಲೇ ತಯಾರಾದವು. ಆ ಹೊತ್ತಿಗೆ ಹೊಣೆ ಮುಂದಿನ ಪೀಳಿಗೆಗೆ ದಾಟಿತ್ತು. ಹಿರಿಯ ಮಗ ಶಂತನುರಾವ್ ಅಮೆರಿಕದ ಎಂಐಟಿಯಲ್ಲಿ ಓದಿ ಬಂದಿದ್ದರು.

ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು. ಐದು ವಾರಗಳ ಬಳಿಕ, ನವೆಂಬರ್ 1ರಂದು, ಅವರ ಹುಟ್ಟೂರು ಮುಂಬಯಿ ಪ್ರಾಂತ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಜನ್ಮಶತಮಾನೋತ್ಸವದ ವರ್ಷವಾದ 1969ರಲ್ಲಿ ಅಂಚೆ ಇಲಾಖೆ ಅವರ ಅಂಚೆಚೀಟಿ ಹೊರತಂದಿತು.

ಹರಿಹರದ ಕಾರ್ಖಾನೆ 2000ರ ದಶಕದ ಆರಂಭದಲ್ಲಿ ಮುಚ್ಚಿತು. ಅಲ್ಲಿನ ಟರ್ನ್‌ಮಾಸ್ಟರ್ ಲೇತ್‌ಗಳು ಇಂದಿಗೂ ಹಳೆಯ ಯಂತ್ರಗಳ ಮಾರುಕಟ್ಟೆಯಲ್ಲಿ ಕೈಬದಲಾಗುತ್ತವೆ. ಇಂಥ ಹಳೆಯ ಲೇತ್‌ಗಳ ಗೇರು, ತಿರುಪುಗಳನ್ನು ಕಳಚಿ, ಬಾಲ್ ಸ್ಕ್ರೂ ಮತ್ತು ಸರ್ವೋ ಮೋಟಾರ್ ಜೋಡಿಸಿ ಸಿಎನ್‌ಸಿಯಾಗಿ ಪರಿವರ್ತಿಸುವವರೂ ಇದ್ದಾರೆ. ಹೊಸ ಮೋಟಾರ್ ನಿಂತಾಗ ಅವರು ಮೊದಲು ತಡವಿ ನೋಡುವುದು ಅದೇ ಹಳೆಯ ಎರಕದ ಹಾಸನ್ನು.