ಮೋಕ್ಷಗುಂಡಂ ವಿಶ್ವೇಶ್ವರಯ್ಯ

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯ (1861–1962, ಕೆಲವು ದಾಖಲೆಗಳಲ್ಲಿ ಜನ್ಮವರ್ಷ 1860) ಭಾರತದ ಹೆಸರಾಂತ ಇಂಜಿನಿಯರ್, ಮೈಸೂರು ಸಂಸ್ಥಾನದ ದಿವಾನರು. ಅಣೆಕಟ್ಟು, ಕೈಗಾರಿಕೆಗಳ ನಿರ್ಮಾಪಕರೆಂದು ಪ್ರಸಿದ್ಧರಾದ ಇವರು ಸ್ವಯಂಚಾಲಿತ ನಿಯಂತ್ರಣದ ಪ್ರವರ್ತಕರೂ ಹೌದು.

ಆರಂಭಿಕ ಜೀವನ

ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಜನಿಸಿದರು. 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿ ಪಡೆದು, ಪುಣೆಯಲ್ಲಿ ಇಂಜಿನಿಯರಿಂಗ್ ವ್ಯಾಸಂಗ ಮುಗಿಸಿ, 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು.

ಸ್ವಯಂಚಾಲಿತ ಗೇಟುಗಳು

ಪುಣೆಗೆ ನೀರೊದಗಿಸುತ್ತಿದ್ದ ಖಡಕ್‌ವಾಸ್ಲಾ ಜಲಾಶಯ ಮಳೆಗಾಲದಲ್ಲಿ ಕೋಡಿ ಹರಿದು, ಬೇಸಿಗೆಯಲ್ಲಿ ಕೊರತೆಗೆ ಒಳಗಾಗುತ್ತಿತ್ತು. ಕಟ್ಟೆಯನ್ನು ಎತ್ತರಿಸಿದರೆ ಹಳೆಯ ಗೋಡೆಯ ಮೇಲೆ ಒತ್ತಡ ಹೆಚ್ಚುವ ಭಯ. ಕೋಡಿಗೆ ಸಾಮಾನ್ಯ ಬಾಗಿಲು ಇಟ್ಟರೆ, ನಡುರಾತ್ರಿ ಪ್ರವಾಹ ಬಂದಾಗ ತೆರೆಯುವವರು ಯಾರು ಎಂಬ ಪ್ರಶ್ನೆ. ವಿಶ್ವೇಶ್ವರಯ್ಯನವರು ಈ ಕೆಲಸವನ್ನು ನೀರಿಗೇ ವಹಿಸಿದರು. ನೀರು ನಿಗದಿತ ಮಟ್ಟ ಮೀರಿದೊಡನೆ ಪಕ್ಕದ ಬಾವಿಗೆ ನುಗ್ಗುತ್ತದೆ. ಅಲ್ಲಿ ತೂಗಿಬಿಟ್ಟ ಭಾರ ತೇಲುವ ಬಲದಿಂದ ಹಗುರಾಗಿ, ಸಮತೋಲ ತಪ್ಪಿ ಗೇಟು ತೆರೆಯುತ್ತದೆ. ಮಟ್ಟ ಇಳಿದು ಬಾವಿ ಬರಿದಾದರೆ ಗೇಟು ತಾನಾಗಿ ಮುಚ್ಚಿಕೊಳ್ಳುತ್ತದೆ. 1903ರಲ್ಲಿ ಅಳವಡಿಸಿದ ಈ ವ್ಯವಸ್ಥೆಯಿಂದ ಕಟ್ಟೆಯನ್ನು ಎತ್ತರಿಸದೆಯೇ ಸುಮಾರು 8 ಅಡಿ ಹೆಚ್ಚು ನೀರು ನಿಲ್ಲಿಸಲು ಸಾಧ್ಯವಾಯಿತು. ಇದಕ್ಕೆ ಪೇಟೆಂಟ್ ದೊರೆಯಿತು. ಸರ್ಕಾರಿ ಕರ್ತವ್ಯದಲ್ಲಿದ್ದಾಗ ಮಾಡಿದ ಕೆಲಸವೆಂದು ಅವರು ಗೌರವಧನವನ್ನು ನಿರಾಕರಿಸಿದರು. ಮುಂದೆ ಕೃಷ್ಣರಾಜಸಾಗರದಲ್ಲಿಯೂ ಇಂತಹ ಗೇಟುಗಳು ಬಂದವು.

ತೆರೆದ ಮತ್ತು ಮುಚ್ಚಿದ ಎಂಬ ಎರಡೇ ಸ್ಥಿತಿಗಳನ್ನು 1 ಮತ್ತು 0 ಎಂದು ಗಣಿಸಿದರೆ, ಇಂದಿನ ಬೂಲಿಯನ್ ಜಾಲಗಳ ನಿಯಂತ್ರಣ ಶಾಸ್ತ್ರ ಕೇಳುವ ಪ್ರಶ್ನೆಯೇ ಇಲ್ಲಿಯೂ ಇದೆ: ಹೊರಗಿನ ಕ್ಷೋಭೆ ಯಾವಾಗ, ಎಷ್ಟು ಬರುವುದೆಂದು ತಿಳಿಯದಿದ್ದರೂ ವ್ಯವಸ್ಥೆಯನ್ನು ಸುರಕ್ಷಿತ ಸ್ಥಿತಿಯಲ್ಲಿ ಉಳಿಸುವ ನಿಯಮ ಯಾವುದು? ಅವರ ಕಾಲಕ್ಕೆ ಈ ಶಾಸ್ತ್ರ ಇನ್ನೂ ಹುಟ್ಟಿರಲಿಲ್ಲ.

ಮೈಸೂರಿನಲ್ಲಿ

1908ರ ಮೂಸಿ ಪ್ರವಾಹದ ನಂತರ ಹೈದರಾಬಾದಿಗೆ ಪ್ರವಾಹರಕ್ಷಣೆಯ ಯೋಜನೆ ರೂಪಿಸಿ, 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಆದರು. ಅದಕ್ಕೆ ಎರಡು ವರ್ಷ ಮೊದಲು, 1907ರಲ್ಲಿ, ಚಿತ್ರದುರ್ಗ ಜಿಲ್ಲೆಯ ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ವಾಣಿವಿಲಾಸ ಸಾಗರ ಪೂರ್ಣಗೊಂಡಿತ್ತು. ಅಲ್ಲಿಯದು ಬೇರೆ ಬಗೆಯ ಉತ್ತರ: ಗೇಟುಗಳಿಲ್ಲದ ಕೋಡಿ. ತಪ್ಪಾಗಿ ತೆರೆಯುವ ಅಥವಾ ಸಿಕ್ಕಿಬೀಳುವ ಭಾಗವೇ ಅದರಲ್ಲಿಲ್ಲ. ಆದರೆ ನೀರಿನ ಮಟ್ಟವನ್ನು ಕಾಲಕ್ಕೆ ತಕ್ಕಂತೆ ಬದಲಿಸಲೂ ಬರುವುದಿಲ್ಲ. ತುಂಬಿದಾಗ ಹಿನ್ನೀರು ಹೊಸದುರ್ಗ ತಾಲ್ಲೂಕಿನವರೆಗೆ ಚಾಚುವುದರಿಂದ ಆ ಮಟ್ಟದ ಒಂದೊಂದು ಅಡಿಯೂ ರೈತರಿಗೆ ಮುಖ್ಯ. 1933ರಲ್ಲಿ ಕೋಡಿ ಹರಿದ ಈ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ.

1912ರಿಂದ 1918ರವರೆಗೆ ದಿವಾನರಾಗಿದ್ದರು. 1955ರಲ್ಲಿ ಭಾರತರತ್ನ ಪ್ರಶಸ್ತಿ ದೊರೆಯಿತು.

ಕೊನೆಯ ವರ್ಷಗಳು

1961ರ ಜುಲೈ 12ರಂದು ಮೇಲ್ಭಾಗದ ಪಾನ್‌ಶೆತ್ ಅಣೆಕಟ್ಟು ಒಡೆಯಿತು. ಅದರ ನೀರಿನ ರಭಸಕ್ಕೆ ಖಡಕ್‌ವಾಸ್ಲಾ ಕಟ್ಟೆಯೂ ಬಿರಿದು ಪುಣೆ ಜಲಾವೃತವಾಯಿತು. ಮಳೆಗಾಲದ ಪ್ರವಾಹವನ್ನು ಲೆಕ್ಕಕ್ಕೆ ಹಿಡಿದು ರೂಪಿಸಿದ ಗೇಟುಗಳಿಗೆ ಒಂದಿಡೀ ಜಲಾಶಯವೇ ಒಮ್ಮೆಗೆ ಬಂದಪ್ಪಳಿಸುವುದು ಎಣಿಕೆಯ ಹೊರಗಿನ ಮಾತು. ಮರುವರ್ಷ ಏಪ್ರಿಲಿನಲ್ಲಿ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ನಿಧನರಾದರು. ಅವರ ಸಮಾಧಿ ಮುದ್ದೇನಹಳ್ಳಿಯಲ್ಲಿದೆ.