ವಕೀಲಿ ಬಿಟ್ಟು ಮಕ್ಕಳ ಮುಂದೆ ಕೂತ ಗಿಜುಭಾಯಿ: ತಪ್ಪಿನಿಂದಲೇ ಪಾಠ ಕಲಿತ ಮೇಷ್ಟ್ರು

ಅಂಗಡಿ ನಡೆಸೋರಿಗೆ ಇದು ಗೊತ್ತಿರುವ ವಿಚಾರ. ಸಂಜೆ ಬಾಗಿಲು ಹಾಕುವ ಮುಂಚೆ ಏನು ಖರ್ಚಾಯ್ತು, ಏನು ಉಳೀತು, ಯಾವುದು ಯಾಕೆ ಹೋಗಲಿಲ್ಲ ಅಂತ ಒಮ್ಮೆ ಲೆಕ್ಕ ನೋಡ್ತಾರೆ. ಮಾರನೇ ದಿನ ಅದಕ್ಕೆ ತಕ್ಕಂತೆ ಸರಕು ತರಿಸ್ತಾರೆ. ಶಾಲೆಯಲ್ಲೂ ಮೇಷ್ಟ್ರು ಇದೇ ರೀತಿ ದಿನದ ಲೆಕ್ಕ ನೋಡಬೇಕು ಅಂತ ನೂರು ವರ್ಷದ ಹಿಂದೆಯೇ ಮಾಡಿ ತೋರಿಸಿದವರು ಗುಜರಾತಿನ ಗಿಜುಭಾಯಿ ಬಧೇಕಾ.

ಗಿಜುಭಾಯಿ ಹುಟ್ಟಿದ್ದು 1885ರ ನವೆಂಬರ್ 15ರಂದು, ಸೌರಾಷ್ಟ್ರದ ಚಿತ್ತಲ್ ಎಂಬ ಊರಿನಲ್ಲಿ. ಪೂರ್ತಿ ಹೆಸರು ಗಿರಿಜಾಶಂಕರ. 1907ರಲ್ಲಿ ದುಡಿಮೆಗಾಗಿ ಪೂರ್ವ ಆಫ್ರಿಕಾಕ್ಕೆ ಹೋದರು. ವಾಪಸ್ ಬಂದ ಮೇಲೆ ಮುಂಬಯಿಯಲ್ಲಿ ಕಾನೂನು ಓದಿ ವಕೀಲರಾದರು. ಹಾಗೇ ಮುಂದುವರಿದಿದ್ದರೆ ಅವರ ಹೆಸರು ಇವತ್ತು ಯಾರಿಗೂ ನೆನಪಿರುತ್ತಿರಲಿಲ್ಲ.

1913ರಲ್ಲಿ ಮಗ ನರೇಂದ್ರ ಹುಟ್ಟಿದ. ಈ ಮಗುವನ್ನು ಹೇಗೆ ಬೆಳೆಸೋದು, ಎಂಥ ಶಾಲೆಗೆ ಕಳಿಸೋದು ಅನ್ನೋ ಚಿಂತೆ ತಂದೆಗೆ ಹತ್ತಿತು. ಆಗಿನ ಶಾಲೆಗಳಲ್ಲಿ ಬಾಯಿಪಾಠ, ಬೆತ್ತ, ಭಯ ಇವೇ ಮುಖ್ಯ. ಅದೇ ಹೊತ್ತಿಗೆ ಇಟಲಿಯ ಮರಿಯಾ ಮಾಂಟೆಸರಿ ಅವರ ವಿಚಾರಗಳು ಪುಸ್ತಕದ ಮೂಲಕ ಕೈಗೆ ಸಿಕ್ಕವು. ಮಗನಿಗಾಗಿ ಹುಡುಕಿದ ದಾರಿ ಊರಿನ ಮಕ್ಕಳಿಗೆಲ್ಲ ಬೇಕು ಅನ್ನಿಸಿತು.

1916ರಲ್ಲಿ ವಕೀಲಿ ಬಿಟ್ಟು ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆ ಸೇರಿದರು. ನಾನಾಭಾಯಿ ಭಟ್ಟರು ಆ ಸಂಸ್ಥೆಯ ಹಿರಿಯರು. ಗಿಜುಭಾಯಿ ಮೊದಲು ಕೆಲಸ ಮಾಡಿದ್ದು ದೊಡ್ಡ ಹುಡುಗರ ಜೊತೆ. ಆ ವಯಸ್ಸಿಗೆ ಬರುವಷ್ಟರಲ್ಲಿ ಮಕ್ಕಳ ರೂಢಿ, ಭಯ ಎಲ್ಲ ಗಟ್ಟಿಯಾಗಿರುತ್ತೆ, ಬದಲಾವಣೆ ಇನ್ನೂ ಕೆಳಗಿಂದ ಶುರುವಾಗಬೇಕು ಅನ್ನೋದು ಅಲ್ಲಿ ಅವರಿಗೆ ಮನವರಿಕೆಯಾಯ್ತು. ಹಾಗಾಗಿ 1920ರಲ್ಲಿ ಎರಡೂವರೆ ವರ್ಷದಿಂದ ಆರು ವರ್ಷದೊಳಗಿನ ಮಕ್ಕಳಿಗೆ ಬಾಲಮಂದಿರ ತೆರೆದರು.

ಮಾಂಟೆಸರಿ ಹೇಳಿದ್ದನ್ನೂ ಅವರು ಕಣ್ಣು ಮುಚ್ಚಿ ಒಪ್ಪಲಿಲ್ಲ. ಭಾವನಗರದ ಮಕ್ಕಳು ಯಾವುದಕ್ಕೆ ಕಣ್ಣರಳಿಸ್ತಾರೆ, ಯಾವುದಕ್ಕೆ ಆಕಳಿಸ್ತಾರೆ ಅಂತ ದಿನಾ ಗಮನಿಸಿದರು. ಜನಪದ ಕಥೆ, ಹಾಡು, ನಾಟಕ, ಆಟ, ತೋಟದ ಕೆಲಸ ಎಲ್ಲವನ್ನೂ ಸೇರಿಸಿಕೊಂಡರು. ಮಕ್ಕಳು ಹಚ್ಚಿಕೊಂಡ ಪರಿಗೆ ಜನ ಅವರನ್ನು ಮೀಸೆ ಇರುವ ಅಮ್ಮ ಅಂತಲೇ ಕರೆದರು. ತಾರಾಬಾಯಿ ಮೋಡಕ್ ಅವರೂ ಬಂದು ಜೊತೆಯಾದರು. 1926ರಲ್ಲಿ ನೂತನ ಬಾಲ ಶಿಕ್ಷಣ ಸಂಘ ಕಟ್ಟಿದರು. ಶಿಕ್ಷಕರಿಗೆ ತರಬೇತಿ ಕೊಡಲು ಅಧ್ಯಾಪನ ಮಂದಿರವನ್ನೂ ನಡೆಸಿದರು.

ಈ ಅನುಭವವೆಲ್ಲ ಸೇರಿ ಬಂದ ಪುಸ್ತಕವೇ 'ದಿವಾಸ್ವಪ್ನ'. 1930ರ ದಶಕದ ಆರಂಭದಲ್ಲಿ ಗುಜರಾತಿಯಲ್ಲಿ ಬಂದ ಇದರಲ್ಲಿ ಲಕ್ಷ್ಮೀರಾಮ್ ಎಂಬ ಕಲ್ಪಿತ ಮೇಷ್ಟ್ರು ಇದ್ದಾನೆ. ಶಿಕ್ಷಣಾಧಿಕಾರಿಯನ್ನು ಕೇಳಿಕೊಂಡು ನಾಲ್ಕನೇ ಕ್ಲಾಸನ್ನು ಒಂದು ವರ್ಷ ತನ್ನ ಪ್ರಯೋಗಕ್ಕೆ ಪಡೀತಾನೆ.

ಮೊದಲ ದಿನವೇ ಅವನ ಯೋಜನೆ ನೆಲಕಚ್ಚುತ್ತೆ. ಮಕ್ಕಳನ್ನು ಮೌನವಾಗಿ ಕೂರಿಸೋ ಆಟಕ್ಕೆ ಹೊರಟರೆ ಕ್ಲಾಸು ಸಂತೆಯಾಗುತ್ತೆ. ಮಕ್ಕಳನ್ನು ಮನೆಗೆ ಬಿಟ್ಟದ್ದಕ್ಕೆ ಹೆಡ್‌ಮಾಸ್ಟರ ಕೋಪ ಬೇರೆ. ಆದರೂ ಅವನು ಹುಡುಗರನ್ನು ಬಯ್ಯಲಿಲ್ಲ, ತನ್ನ ಎಣಿಕೆ ಎಲ್ಲಿ ತಪ್ಪಿತು ಅಂತ ರಾತ್ರಿ ಯೋಚಿಸಿದ. ಮಾರನೇ ದಿನ ಕಥೆ ಶುರು ಮಾಡಿದ. ಗದ್ದಲ ಮಾಡ್ತಿದ್ದ ಅದೇ ಹುಡುಗರು ಹತ್ತಿರ ಬಂದು ಕೂತರು. ಪಠ್ಯಪುಸ್ತಕದ ದುಡ್ಡಲ್ಲಿ ತರಗತಿಗೊಂದು ಪುಟ್ಟ ಗ್ರಂಥಾಲಯ ಆಯ್ತು. ಜೊತೆಯ ಮೇಷ್ಟ್ರುಗಳು ನಕ್ಕರು, ತಂದೆತಾಯಿ ಅನುಮಾನಪಟ್ಟರು. ಅಧಿಕಾರಿ ಮಾತ್ರ ವರ್ಷಪೂರ್ತಿ ಕಾದು ನೋಡಿದ.

ಇಲ್ಲಿ ಎರಡು ಪಾಠ ಇವೆ. ಒಂದು ಮೇಷ್ಟ್ರಿಗೆ: ಮಗು ಕಲೀಲಿಲ್ಲ ಅಂದ್ರೆ ಮೊದಲು ತನ್ನ ವಿಧಾನ ನೋಡಿಕೊಳ್ಳಬೇಕು. ಇನ್ನೊಂದು ಹೆಡ್‌ಮಾಸ್ಟರು, ಅಧಿಕಾರಿಗಳಿಗೆ: ಪ್ರಯತ್ನ ಮಾಡೋ ಮೇಷ್ಟ್ರಿಗೆ ಒಂದೇ ದಿನದಲ್ಲಿ ತೀರ್ಪು ಕೊಡಬಾರದು, ಕಾಲಾವಕಾಶ ಕೊಡಬೇಕು.

ನಮ್ಮಲ್ಲಿ ಡಿ.ಎಡ್., ಬಿ.ಎಡ್. ಓದಿದವರು ಕ್ರಿಯಾ ಸಂಶೋಧನೆ ಅನ್ನೋ ಮಾತು ಕೇಳೇ ಇರ್ತಾರೆ. ತರಗತಿಯ ಒಂದು ಸಮಸ್ಯೆ ಹಿಡಿದು, ಉಪಾಯ ಮಾಡಿ, ಫಲ ಬರೆದಿಟ್ಟು, ಮತ್ತೆ ತಿದ್ದೋದು. ಆ ಹೆಸರನ್ನು ಅಮೆರಿಕದಲ್ಲಿ ಕರ್ಟ್ ಲೆವಿನ್ ಬಳಕೆಗೆ ತಂದದ್ದು 1940ರ ದಶಕದಲ್ಲಿ. ಹೆಸರು ಬರುವ ಮೊದಲೇ ಭಾವನಗರದಲ್ಲಿ ಆ ಕೆಲಸ ನಡೆದಿತ್ತು.

ಗಿಜುಭಾಯಿ 1936ರಲ್ಲಿ ದಕ್ಷಿಣಾಮೂರ್ತಿಯಿಂದ ಹೊರಬಂದರು. ಆದರೂ ಸುಮ್ಮನೆ ಕೂರದೆ ರಾಜಕೋಟೆಯಲ್ಲಿ ಮತ್ತೆ ಶಿಕ್ಷಕರ ತರಬೇತಿ ಶುರು ಮಾಡಿದರು. 1939ರ ಜೂನ್ 23ರಂದು ತೀರಿಕೊಂಡಾಗ ಅವರಿಗೆ ಬರೀ 53 ವರ್ಷ. ಮಕ್ಕಳಿಗೆ, ತಂದೆತಾಯಿಗೆ, ಶಿಕ್ಷಕರಿಗೆ ಅಂತ ಬರೆದ ನೂರಕ್ಕೂ ಹೆಚ್ಚು ಪುಸ್ತಕಗಳನ್ನು ಬಿಟ್ಟುಹೋದರು.

ಮಗು ಸಂಜೆ ಮನೆಗೆ ಬಂದಾಗ ಎಷ್ಟು ಮಾರ್ಕ್ಸು ಅಂತ ಕೇಳೋದು ರೂಢಿ. ಇವತ್ತು ಯಾವ ಕಥೆ ಕೇಳಿದೆ ಅಂತಲೂ ಒಮ್ಮೆ ಕೇಳಿದರೆ ಗಿಜುಭಾಯಿ ಪಟ್ಟ ಕಷ್ಟ ನಮ್ಮೂರಲ್ಲೂ ಸಾರ್ಥಕ.